ಪಟ್ಟಿಯಮ್ಮ ಕೂತು ನೋಡಿದ ಮ್ಯಾಚು

ಸ್ವೀಡನ್ನಿನ ಲುಂಡ್‌ನಲ್ಲಿದ್ದ ಮೂರು ವರ್ಷವೂ ವಿಶ್ವವಿದ್ಯಾಲಯದ ಹುಡುಗಿಯರ ಫುಟ್‌ಬಾಲ್ ತಂಡ ಆ ಊರಲ್ಲಿ ಆಡಿದ ಒಂದು ಮ್ಯಾಚನ್ನೂ ನಾನು ತಪ್ಪಿಸಿದವಳಲ್ಲ. ಹಾಗಿದ್ದೂ ಕಣ್ಣಾರೆ ಒಂದು ಗೋಲೂ ನೋಡಿಲ್ಲ. ಗೋಲಾದಾಗೆಲ್ಲ ನಾನು ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದೆ, ಇಲ್ಲವೇ ರೆಫ್ರಿ ಕೋಣೆಯ ಬೀಗದ ಕೈ ಹುಡುಕುತ್ತಿದ್ದೆ, ಅದೂ ಇಲ್ಲದಿದ್ದರೆ ಗೇಟಿಗೆ ಅಡ್ಡ ನಿಲ್ಲಿಸಿ ಹೋದ ಸೈಕಲ್ಲುಗಳನ್ನು ಬೈದುಕೊಳ್ಳುತ್ತ ಪಕ್ಕಕ್ಕೆ ಎತ್ತಿಡುತ್ತಿದ್ದೆ. ಹೋ ಎಂದು ಕೂಗು ಕೇಳಿದರೆ ನಮ್ಮ ಗೋಲು, ಎಲ್ಲ ಗಪ್‌ಚಿಪ್ಪಾದರೆ ಅವರ ಗೋಲು. ನನ್ನ ಫುಟ್‌ಬಾಲ್ ಜ್ಞಾನ ಇಷ್ಟೇ.

ನಾನು ಅಲ್ಲಿಗೆ ಹೋದದ್ದು ರಸಾಯನಶಾಸ್ತ್ರದ ಸಂಶೋಧನೆಗೆ, ಎರಡು ಸಾವಿರದ ದಶಕದ ನಡುವಿನಲ್ಲಿ. ಮೊದಲ ಚಳಿಗಾಲದ ಚಳಿಗೆ ದಪ್ಪ ಕೋಟು ಸಿಕ್ಕಿತು. ಯಾರೂ ನನಗೊಂದು ಕೆಲಸ ಹೇಳುವುದಿಲ್ಲ ಎಂಬ ಸಂಕಟಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಏನೂ ಸಿಗಲಿಲ್ಲ. ಉಡುಪಿಯ ನಮ್ಮ ಬೀದಿಯಲ್ಲಿ ಭಾನುವಾರ ಬಂತೆಂದರೆ ಯಾರಾದರೂ ಕರೆದು ತೆಂಗಿನಕಾಯಿ ತುರಿಯಲೋ, ಕುರ್ಚಿ ಹೊರಲೋ ಹಚ್ಚುತ್ತಿದ್ದರು. ನಾನು ಗೊಣಗಿಕೊಂಡೇ ಮಾಡುತ್ತಿದ್ದೆ. ಲುಂಡ್‌ನಲ್ಲಿ ಎಲ್ಲರೂ ಎಷ್ಟು ಸಭ್ಯರೆಂದರೆ ಗೊಣಗುವುದಕ್ಕೂ ಒಂದು ಕಾರಣ ಕೊಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನನ್ನ ಲ್ಯಾಬಿನ ಗೆಳತಿ, ಆ ತಂಡದ ಗೋಲ್‌ಕೀಪರ್, ಒಂದು ದಿನ ಫೀಕಾಗೆ ಕೂತಿದ್ದಾಗ ಕೇಳಿದಳು. ಫೀಕಾ ಎಂದರೆ ಸ್ವೀಡನ್ನಿನವರು ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು. ಭೂಮಿ ತಲೆಕೆಳಗಾದರೂ ತಪ್ಪುವುದಿಲ್ಲ. ಶನಿವಾರ ಗೇಟಿನಲ್ಲಿ ನಿಲ್ಲಲು ಒಬ್ಬರು ಬೇಕು, ನೀನು ಬರ್ತೀಯಾ ಎಂದಳು. ಅವಳ ಬಾಯಿ ಮುಚ್ಚುವ ಮೊದಲೇ ನಾನು ಹೂಂ ಎಂದಿದ್ದೆ. ಆ ಶನಿವಾರ ಹಳದಿ ಜಾಕೆಟ್ ತೊಟ್ಟು ಗಾಳಿಯಲ್ಲಿ ಎರಡು ಗಂಟೆ ನಿಂತೆ. ಮೂಗು ಮರಗಟ್ಟಿತ್ತು. ಅಷ್ಟು ಖುಷಿಯಾಗಿ ನಾನು ತಿಂಗಳುಗಟ್ಟಲೆ ಇದ್ದಿರಲಿಲ್ಲ.

ಮ್ಯಾಚಿನ ದಿನವನ್ನು ನಡೆಸುತ್ತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ನಿವೃತ್ತ ಗ್ರಂಥಪಾಲಕಿ, ಹುಲ್ಲಿನ ಬಣ್ಣದ ಟೋಪಿ, ಕಿಸೆಯಲ್ಲಿ ಸದಾ ಒಂದು ರಬ್ಬರು. ಕ್ಲಬ್ಬಿನ ಬಾಗಿಲಿಗೆ ಅವರು ಪ್ರತಿ ಮ್ಯಾಚಿಗೂ ಒಂದು ಪಟ್ಟಿ ಅಂಟಿಸುತ್ತಿದ್ದರು, ದಾರದಲ್ಲಿ ಕಟ್ಟಿದ ಪೆನ್ಸಿಲ್ ಸಮೇತ. ಬಲೆ ಕಟ್ಟುವವರು, ಮೂಲೆಯ ಬಾವುಟ ನೆಡುವವರು, ಬಿಳಿ ಗೆರೆ ಎಳೆಯುವವರು, ಎದುರು ತಂಡದ ಬಸ್ಸನ್ನು ಎದುರುಗೊಳ್ಳುವವರು, ಕಿಯೋಸ್ಕಿನಲ್ಲಿ ಸಾಸೇಜ್ ಬೇಯಿಸುವವರು: ಒಂದೊಂದಕ್ಕೂ ಒಂದು ಸಾಲು. ಅದರ ಎದುರು ಅವರವರೇ ಬಂದು ಅವರವರ ಕೈಯಲ್ಲೇ ಹೆಸರು ಬರೆಯಬೇಕು. ಮೂರು ದಿನ ಮೊದಲು ಈಕೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವರು. ಮ್ಯಾಚು ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಕುಲುಕಿ ‘ಇವತ್ತಿಗೆ ಥ್ಯಾಂಕ್ಸ್’ ಎನ್ನುವರು. ವಿಶ್ವವಿದ್ಯಾಲಯದಲ್ಲಿದ್ದ ನಾವು ಕನ್ನಡದ ನಾಲ್ಕೈದು ಜನ ನಮ್ಮೊಳಗೆ ಅವರಿಗೆ ಪಟ್ಟಿಯಮ್ಮ ಎಂದು ಹೆಸರಿಟ್ಟಿದ್ದೆವು. ಅದರಲ್ಲಿ ಅರ್ಧ ತಮಾಷೆ, ಅರ್ಧ ಭಯ.

ಮೂರನೆಯ ವರ್ಷದ ಶರತ್ಕಾಲದಲ್ಲಿ ತಂಡ ಮೇಲಿನ ಡಿವಿಷನ್ನಿಗೆ ಏರುವ ಅರ್ಹತಾ ಪಂದ್ಯಕ್ಕೆ ಬಂತು. ಅದನ್ನು ಒಂದು ಭಾನುವಾರ ಊರಿನ ದೊಡ್ಡ ಮೈದಾನದಲ್ಲಿ ಆಡಬೇಕಿತ್ತು. ಹಳದಿ ಜಾಕೆಟ್ಟಿನ ಹತ್ತು ಮಂದಿ ಬಾಗಿಲು, ಮೆಟ್ಟಿಲು, ತುರ್ತು ದಾರಿಗಳಲ್ಲಿ ನಿಲ್ಲದಿದ್ದರೆ ಜನರನ್ನು ಒಳಗೆ ಬಿಡುವಂತಿಲ್ಲ ಎಂಬುದು ಆ ಮೈದಾನದ ನಿಯಮ. ಅದೇ ಹೊತ್ತಿಗೆ ಪಟ್ಟಿಯಮ್ಮನ ಸೊಂಟದ ಕೀಲು ಕೈಕೊಟ್ಟಿತ್ತು. ಪಂದ್ಯದ ಮರುವಾರ ಆಪರೇಷನ್. ಆಗ ಮಾತಿನ ನಡುವೆ ಗೊತ್ತಾಯಿತು, ಇಷ್ಟು ವರ್ಷ ತಂಡಕ್ಕೆ ದುಡಿದ ಆಕೆ ಒಂದೇ ಒಂದು ಮ್ಯಾಚನ್ನೂ ಮೊದಲಿಂದ ಕೊನೆವರೆಗೆ ನೋಡಿಲ್ಲ. ಹುಡುಗಿಯರು ಒಕ್ಕೊರಲಿನಿಂದ ತೀರ್ಮಾನಿಸಿದರು: ಈ ಸಲ ಆಕೆ ಏನೂ ಮಾಡಕೂಡದು, ಮೊದಲ ಸಾಲಿನಲ್ಲಿ ಕಂಬಳಿ ಹೊದ್ದು ಕೂತು ಪೂರ್ತಿ ನೋಡಬೇಕು.

“ಹಾಗಾದರೆ ಪಟ್ಟಿ ಯಾರು ನೋಡಿಕೊಳ್ತಾರೆ?” ಎಂದರು ಪಟ್ಟಿಯಮ್ಮ. ಆಮೇಲೆ ನನ್ನ ಕಡೆ ನೋಡಿ, “ನೀನು ನೋಡಿಕೊಳ್ತೀಯಾ?” ಎಂದು ಕೇಳಿದರು. ನನ್ನ ಎದೆ ಒಂದು ಅಂಗುಲ ಉಬ್ಬಿತು.

ಹತ್ತರಲ್ಲಿ ಆರು ಸಾಲು ಬೇಗನೆ ತುಂಬಿದವು. ಉಳಿದ ನಾಲ್ಕು ಖಾಲಿ. ವಿದ್ಯಾರ್ಥಿಗಳಿಗೆ ಪರೀಕ್ಷೆ. ಬುಧವಾರ ಮಧ್ಯಾಹ್ನ ಆ ಖಾಲಿ ಸಾಲುಗಳನ್ನು ನೋಡಿ ನೋಡಿ ತಲೆಬಿಸಿಯಾಗಿ, ಪೆನ್ಸಿಲ್ ಎತ್ತಿ ನಾಲ್ಕು ಹೆಸರು, ಪಕ್ಕದಲ್ಲಿ ಅವರ ಫೋನ್ ನಂಬರು ಗೀಚಿಬಿಟ್ಟೆ. ಪಕ್ಕದ ಮಾಲ್ಮೋ ಊರಿನಲ್ಲಿದ್ದ, ನಾನು ಅಕ್ಕ, ಭಾವ ಎಂದು ಕರೆಯುತ್ತಿದ್ದ ನಮ್ಮ ಉಡುಪಿ ಕಡೆಯ ಗಂಡಹೆಂಡಿರು. ಬೆಂಗಳೂರಿನಿಂದ ಅಲ್ಲಿಗೇ ಬಂದಿದ್ದ ಇಬ್ಬರು ಸಾಫ್ಟ್‌ವೇರ್ ಹುಡುಗರು. ಹೇಗೂ ನಮ್ಮವರು, ಸಂಜೆ ಹೇಳಿದರಾಯಿತು ಎಂದುಕೊಂಡೆ. ಯುಗಾದಿಯ ಊಟಕ್ಕೆ ಆ ಅಕ್ಕ ನನ್ನನ್ನು ಕೇಳಿ ಪಾಯಸದ ಕೆಲಸ ಹಚ್ಚಿದ್ದಳೇ? ‘ನೀನು ಪಾಯಸ’ ಎಂದಿದ್ದಳು, ಮುಗಿಯಿತು. ನಮ್ಮಲ್ಲಿ ಕೇಳಿದರೇ ದೂರದವರು ಎಂದು ಅರ್ಥ. ಆದರೆ ಸಂಜೆ ಲ್ಯಾಬಿನಲ್ಲಿ ಒಂದು ಪ್ರಯೋಗ ಕೆಟ್ಟು ಕೂತಿತು. ಫೋನ್ ಮಾಡುವುದು ಮರೆತೇಹೋಯಿತು.

ಗುರುವಾರ ಬೆಳಿಗ್ಗೆ ಆ ಸಾಫ್ಟ್‌ವೇರ್ ಹುಡುಗರಲ್ಲಿ ಒಬ್ಬನ ಫೋನು.

“ಅಕ್ಕಾ, ಯಾರೋ ಲೇಡಿ ಕಾಲ್ ಮಾಡಿ ನಿಮ್ಮ ಹೆಸರು ಲಿಸ್ಟ್‌ನಲ್ಲಿದೆ, ಭಾನುವಾರ ಬರ್ತೀರಾ ಅಂತಾರೆ. ವರ್ಕ್ ಪರ್ಮಿಟ್‌ದೇ ಏನೋ ಎಡವಟ್ಟಾಗಿದೆ ಅಂದ್ಕೊಂಡು, ನಾನವನಲ್ಲ ಅಂದುಬಿಟ್ಟೆ.”

ನಗು ಬರಬೇಕಿತ್ತು, ಬರಲಿಲ್ಲ. ಪಟ್ಟಿ ನನ್ನ ಕೈಗೆ ಕೊಟ್ಟಿದ್ದರೂ ಅಭ್ಯಾಸಬಲದಿಂದ ಪಟ್ಟಿಯಮ್ಮ ಅದರಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿದ್ದರು. ಉಳಿದ ಮೂವರೂ ತಮಗೆ ಗೊತ್ತೇ ಇಲ್ಲ ಎಂದಿದ್ದರು.

ನಾನು ಸೈಕಲ್ ತುಳಿದುಕೊಂಡು ಕ್ಲಬ್ಬಿಗೆ ಓಡಿದೆ. ಪಟ್ಟಿಯಮ್ಮ ಕೋಲೂರಿಕೊಂಡು ಬಾಗಿಲ ಮುಂದೆ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಲೀಸಾಗಿರುತ್ತಿತ್ತು. ಕಿಸೆಯಿಂದ ರಬ್ಬರು ತೆಗೆದು ನಾಲ್ಕೂ ಹೆಸರನ್ನು ನಿಧಾನವಾಗಿ ಅಳಿಸಿದರು, ಪುಡಿಯನ್ನು ಊದಿದರು, ಆಮೇಲೆ ಮೊದಲ ಖಾಲಿ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಮೆಟ್ಟಿಲ ಬಳಿ ನಿಲ್ಲುವ ಕೆಲಸ ಅದು. ಮೂರು ಗಂಟೆ, ಆ ಸೊಂಟ ಇಟ್ಟುಕೊಂಡು.

“ಅವರು ಬಂದೇ ಬರ್ತಿದ್ದರು,” ನಾನು ರೇಗಿದೆ. ನನ್ನದು ಮೂಗಿನ ತುದಿಯ ಸಿಟ್ಟು. ತಪ್ಪು ನನ್ನದಾದಾಗ ಇನ್ನೂ ಬೇಗ ಬರುತ್ತದೆ. “ನಮ್ಮಲ್ಲಿ ಹೀಗೇ. ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪಿಕೊಳ್ತೀವಿ.”

“ಇರಬಹುದು,” ಎಂದರು. “ಖಾಲಿ ಸಾಲು ಕಂಡರೆ ನನಗೆ ಹೆದರಿಕೆಯಿಲ್ಲ, ಯಾರನ್ನಾದರೂ ಹುಡುಕಬಹುದು. ತುಂಬಿದ ಹಾಗೆ ಕಾಣುವ ಸಾಲಿನ ಹಿಂದೆ ಯಾರೂ ಇಲ್ಲದಿದ್ದರೆ, ಅದು ಭಾನುವಾರವಷ್ಟೇ ಗೊತ್ತಾಗುತ್ತೆ.”

ಕ್ಲಬ್ಬಿನ ಹಿಂದೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ.

“ಎಂತ ಮಾರಾಯ್ತಿ ನೀನು!” ಎಂದು ಆಕೆ ಶುರುಮಾಡಿದಳು. “ನನ್ನನ್ನು ಕೇಳೋದು ಬೇಡ, ಹೇಳಿದ್ರೆ ಸಾಕಿತ್ತು. ನೀನು ಹೇಳ್ಲೂ ಇಲ್ಲ. ಪಾಪ ಆ ಅಜ್ಜಿ ಎಷ್ಟು ಚಂದ ಮಾಡಿ ಕೇಳಿದ್ರು, ನಾನು ಗೊತ್ತೇ ಇಲ್ಲ ಅಂತ ಫೋನ್ ಇಟ್ಟೆ. ನಿನ್ನ ಮರ್ಯಾದೆಯೂ ಹೋಯ್ತು, ನಂದೂ ಹೋಯ್ತು.”

“ಅಕ್ಕ, ಈಗ ಕೇಳ್ತಿದ್ದೇನೆ. ಭಾನುವಾರ ನೀವಿಬ್ಬರೂ ಬರ್ತೀರಾ?”

ನಾನು ಹೀಗೆ ಕೇಳಿದ್ದು ಅವಳಿಗೂ ವಿಚಿತ್ರವೆನಿಸಿರಬೇಕು. “ಬರ್ತೇವೆ,” ಎಂದಳು, ದನಿ ಇಳಿಸಿ.

ಹುಡುಗರಲ್ಲಿ ಒಬ್ಬ ಒಪ್ಪಿದ, ವರ್ಕ್ ಪರ್ಮಿಟ್ಟಿನ ಭಯ ಕಳೆದ ಮೇಲೆ. ಇನ್ನೊಬ್ಬ, “ಸಾರಿ ಅಕ್ಕಾ, ಆಗಲ್ಲ, ಆವತ್ತು ನಂಗೆ ಆಫೀಸ್ ಡ್ಯೂಟಿ ಇದೆ,” ಎಂದ. ನೋಡೋಣ, ಟ್ರೈ ಮಾಡ್ತೀನಿ ಎನ್ನದೆ ನಮ್ಮವನೊಬ್ಬ ನೇರವಾಗಿ ಆಗಲ್ಲ ಎಂದದ್ದಕ್ಕೆ ನನಗೆ ಬೇಸರ ಬರಲಿಲ್ಲ, ಅವನ ಬೆನ್ನು ತಟ್ಟೋಣ ಎನಿಸಿತು. ಈಗ ಜನ ಸಿಗಬೇಕಾದ್ದು ಒಂದೇ ಸಾಲಿಗೆ. ಅದರಲ್ಲಿ ಪಟ್ಟಿಯಮ್ಮನ ಹೆಸರಿತ್ತು. ಬೀಗದ ಕೈ, ಫೋನು ಎಲ್ಲ ನನ್ನ ಬಳಿ ಇರಬೇಕಾದ್ದರಿಂದ ನಾನು ಅಲ್ಲಿ ನಿಲ್ಲುವಂತಿರಲಿಲ್ಲ.

ಶುಕ್ರವಾರದ ಫೀಕಾದಲ್ಲಿ ಎದುರಿಗೆ ನಮ್ಮ ಪ್ರೊಫೆಸರು ಕೂತಿದ್ದರು. ಮೂರು ವರ್ಷದಲ್ಲಿ ನಾನು ಆ ಮನುಷ್ಯನನ್ನು ಪ್ರಬಂಧದ ವಿಷಯ ಬಿಟ್ಟು ಬೇರೇನೂ ಕೇಳಿದವಳಲ್ಲ. ಅಷ್ಟು ದೊಡ್ಡವರಿಗೆ ಹಳದಿ ಜಾಕೆಟ್ ತೊಡಿ ಎನ್ನುವುದೇ! ನಮ್ಮೂರಿನ ಕಾಲೇಜಿನಲ್ಲಾಗಿದ್ದರೆ ಆ ಮಾತಾಡುವ ಮೊದಲು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ. ಅವರು ಡೈರಿ ತೆಗೆದು ನೋಡಿ, “ಭಾನುವಾರ ಒಂದರಿಂದ ನಾಲ್ಕು? ಆಗುತ್ತೆ. ನೀನು ಇಷ್ಟು ದಿನ ಯಾಕೆ ಕೇಳಲಿಲ್ಲ?” ಎಂದರು.

ಶನಿವಾರ ದೊಡ್ಡ ಮೈದಾನದಲ್ಲಿ ಬಾಗಿಲು, ತುರ್ತು ದಾರಿಗಳನ್ನು ತೋರಿಸುವ ಸುತ್ತು ಇತ್ತು. ಅಕ್ಕ, ಭಾವ, ಹುಡುಗ ಲೋಕಲ್ ರೈಲಿನಲ್ಲಿ ಬಂದಿಳಿದರು. ಪ್ರೊಫೆಸರು ಸೈಕಲ್ಲಿನಲ್ಲಿ ಬಂದರು. ನಾಲ್ವರೂ ಒಬ್ಬರ ಹಿಂದೊಬ್ಬರು, ನಾನು ಅಲ್ಲಿಗೆ ತಂದಿದ್ದ ಪಟ್ಟಿಯಲ್ಲಿ ತಮ್ಮ ಕೈಯಲ್ಲೇ ಹೆಸರು ಬರೆದರು. ಕೊನೆಗೆ ತಮ್ಮ ಹೆಸರಿದ್ದ ಸಾಲು ಬಂದಾಗ ಪಟ್ಟಿಯಮ್ಮ ರಬ್ಬರನ್ನು ನನ್ನ ಕೈಗೆ ಕೊಟ್ಟರು. ಅವರ ಹೆಸರನ್ನು ನಾನೇ ಅಳಿಸಿದೆ.

ಭಾನುವಾರದ ಮ್ಯಾಚಿನ ಬಗ್ಗೆ ನಾನು ಹೇಳಬಹುದಾದ್ದು ಕಡಿಮೆ. ರೆಫ್ರಿ ಕೋಣೆಯಲ್ಲಿ ಬಿಸಿನೀರು ಬರಲಿಲ್ಲ, ಕಿಯೋಸ್ಕಿನಲ್ಲಿ ಬ್ರೆಡ್ಡು ಮುಗಿಯಿತು, ಎದುರು ತಂಡದ ಬಸ್ಸು ತಪ್ಪು ಗೇಟಿಗೆ ಬಂತು. ಹಾಫ್‌ಟೈಮಿನಲ್ಲಿ ಪಟ್ಟಿಯಮ್ಮ ಕಂಬಳಿ ಸರಿಸಿ, ಕೋಲು ಹುಡುಕುತ್ತ ಏಳಲು ನೋಡಿದರಂತೆ, ಫ್ಲಾಸ್ಕುಗಳು ತುಂಬಿವೆಯೋ ಇಲ್ಲವೋ ನೋಡಲು. ಅಲ್ಲೇ ಪಕ್ಕದ ಮೆಟ್ಟಿಲ ಬಳಿ ನಿಂತಿದ್ದ ನಮ್ಮ ಅಕ್ಕ ಹೋಗಿ ಹೆಗಲು ಹಿಡಿದು, “ಕೂತ್ಕೊಳ್ಳಿ ಅಜ್ಜಿ, ಎಲ್ಲ ಆಗ್ತದೆ,” ಎಂದು ಅಚ್ಚ ಕನ್ನಡದಲ್ಲಿ ಗದರಿಸಿದಳಂತೆ. ಆಕೆ ಕೂತರಂತೆ.

ನಮ್ಮವರು ಎರಡು–ಒಂದರಿಂದ ಸೋತರು. ಗೋಲ್‌ಕೀಪರ್ ಗೆಳತಿ ಕೈಗವಸಿನಲ್ಲೇ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು. ನಾನು ಖಾಲಿ ಫ್ಲಾಸ್ಕುಗಳನ್ನು ತಬ್ಬಿಕೊಂಡು ಬಂದಾಗ ಪಟ್ಟಿಯಮ್ಮ ಇನ್ನೂ ಅದೇ ಕುರ್ಚಿಯಲ್ಲಿದ್ದರು. ಕೆನ್ನೆ ಕೆಂಪಾಗಿತ್ತು.

“ನಮ್ಮ ಗೋಲು ನೋಡಿದೆಯಾ?” ಎಂದರು.

“ಇಲ್ಲ. ಬ್ರೆಡ್ ತರಲು ಹೋಗಿದ್ದೆ.”

“ಹಾಗಾದರೆ ಕೂತ್ಕೋ.”

ಪಕ್ಕದ ಕುರ್ಚಿಯಲ್ಲಿ ಕೂತೆ. ಅರ್ಧ ಕಂಬಳಿ ನನ್ನ ಮಂಡಿಗೆ ಹೊದಿಸಿ ಹೇಳತೊಡಗಿದರು. ಎಡಗಡೆಯಿಂದ ಏಳನೇ ನಂಬರಿನವಳು ಹೇಗೆ ಓಡಿ ಬಂದಳು, ಇಬ್ಬರು ಹೇಗೆ ಅಡ್ಡ ಬಂದರು, ಅವಳು ನೋಡದೆಯೇ ಹೇಗೆ ಹಿಂದಕ್ಕೆ ತಳ್ಳಿದಳು, ಅಲ್ಲಿದ್ದ ಕುಳ್ಳಿ ಹುಡುಗಿ ಎಡಗಾಲಿನಲ್ಲಿ ಹೇಗೆ ಹೊಡೆದಳು. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು. ಅವರ ಕೈ ಗಾಳಿಯಲ್ಲಿ ಆ ಚೆಂಡಿನ ಹಾದಿಯನ್ನೇ ಬರೆಯಿತು. ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳಿದರು. ಕೇಳುತ್ತ ಕೇಳುತ್ತ ನನ್ನ ಕಣ್ಣು ತುಂಬಿ ಬಂತು. ನನ್ನನ್ನು ಕೆಲಸಕ್ಕೆ ಕರೆದ ಊರು ಅದು, ತಪ್ಪು ಮಾಡಿದಾಗ ಅಟ್ಟದೆ ರಬ್ಬರು ಕೈಗಿಟ್ಟ ಊರು. ಆ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಹಳದಿ ಜಾಕೆಟ್ಟುಗಳು ಬಾಗಿಲಲ್ಲಿ ಸಾಲಾಗಿ ಕಾಯುತ್ತಿದ್ದವು. ಪಟ್ಟಿಯಮ್ಮನಿಗೆ ಇನ್ನು ಎದ್ದು ನಿಲ್ಲಲಾಗುತ್ತಿರಲಿಲ್ಲ.

“ಕೈಕುಲುಕೋ ಕೆಲಸ ಉಳಿದಿದೆ,” ಎಂದರು. “ನೀನು ಮಾಡ್ತೀಯಾ?”

ಮಾಡುತ್ತೇನೆ ಎಂದೆ. ಹೋಗಿ ಬಾಗಿಲಲ್ಲಿ ನಿಂತೆ. ಪ್ರೊಫೆಸರು, ಭಾವ, ಹುಡುಗ, ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಬಂದವಳು ಅಕ್ಕ. ಹುಟ್ಟಿದಂದಿನಿಂದ ನಮ್ಮವರಿಗೆ ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲದ ‘ಇವತ್ತಿಗೆ ಥ್ಯಾಂಕ್ಸ್’ ಎಂಬ ಮಾತನ್ನು ನಾನು ಅವಳ ತಣ್ಣನೆಯ ಕೈ ಹಿಡಿದು ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, “ಬರುವ ಮ್ಯಾಚು ಯಾವಾಗ? ಪೆನ್ಸಿಲ್ ಕೊಡು,” ಎಂದಳು.