ಸಿಗ್ನಲ್ ದಾಟಿದ ಮೂರು ಸಲ

ನಮ್ಮ ಮನೆಯವರು ಏಣಿಯ ನಡುವೆ ನಿಂತುಬಿಟ್ಟರಂತೆ.

ಹರಿಹರದ ಕಾರ್ಖಾನೆಯೊಂದರಲ್ಲಿ ಅವರು ಎಲೆಕ್ಟ್ರಿಷಿಯನ್. ದಿನಕ್ಕೆ ಇಪ್ಪತ್ತು ಸಲ ಏಣಿ ಹತ್ತಿ ಇಳಿಯುವ ಮನುಷ್ಯ. ಅವತ್ತು ಅರ್ಧಕ್ಕೇ ಉಸಿರು ಸಾಲಲಿಲ್ಲ. ಫ್ಯೂಸ್ ಮರೆತು ಬಂದೆ ಎಂದು ಕೆಳಗಿದ್ದವರಿಗೆ ಸುಳ್ಳು ಹೇಳಿ ಇಳಿದರಂತೆ. ನನಗೂ ಹೇಳಲಿಲ್ಲ. ಎರಡು ದಿಂಬು ಇಟ್ಟುಕೊಂಡು ಮಲಗಲು ಶುರು ಮಾಡಿದಾಗ, ಕುತ್ತಿಗೆ ಹಿಡಿದಿದೆ ಎಂದರು. ದಿಂಬು ಮೂರಾಯಿತು. ಆಗಲೂ ನನಗೆ ತಿಳಿಯಲಿಲ್ಲ. ಮೂವತ್ತೇಳು ವರ್ಷದ ಗಂಡಸಿನ ಹೃದಯ ಕೆಟ್ಟಿರಬಹುದೆಂದು ಯಾರು ತಾನೇ ಯೋಚಿಸುತ್ತಾರೆ?

ಒಂದು ಬೆಳಿಗ್ಗೆ ಸ್ನಾನಕ್ಕೆ ಕೂತವರಿಗೆ ಕೆಮ್ಮು ಹತ್ತಿತು. ಬಾಯಿಂದ ನೊರೆ ಬಂತು.

ನೊರೆ ಕೆಂಪಗಿತ್ತು.

ಕಾರ್ಖಾನೆಯ ಆಂಬುಲೆನ್ಸ್ ಎಂದರೆ ಒಂದು ಹಳೆಯ ವ್ಯಾನು, ನೆತ್ತಿಯ ಮೇಲೊಂದು ದೀಪ. ಅದರ ಡ್ರೈವರ್ ಖಾದರ್ ಸಾಬರು ಇವರ ಜೊತೆ ದಿನಾ ಬುತ್ತಿ ಬಿಚ್ಚುತ್ತಿದ್ದವರು. ಸುದ್ದಿ ಮುಟ್ಟಿದ ಕೂಡಲೇ ಬಂದರು. ಹರಿಹರದ ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚಿ, "ದಾವಣಗೆರೆಗೆ ಕರ್ಕಂಡು ಹೋಗ್ರಿ. ಎಲ್ಲೂ ನಿಲ್ಲಬ್ಯಾಡ್ರಿ" ಎಂದರು.

ನಿಂತೆವು.

ದಾವಣಗೆರೆಯಲ್ಲಿ ಆಸ್ಪತ್ರೆಯ ದಾರಿಯ ಸರ್ಕಲ್ಲಿಗೆ ಸಿಗ್ನಲ್ ದೀಪ ಬಂದು ವರ್ಷ ತುಂಬಿರಲಿಲ್ಲ. ನಮ್ಮ ಮುಂದೆ ಎರಡು ಹತ್ತಿ ಲಾರಿ, ಒಂದು ಎತ್ತಿನ ಗಾಡಿ, ಲೆಕ್ಕವಿಲ್ಲದಷ್ಟು ಸೈಕಲ್ಲು. ಖಾದರ್ ಸಾಬರು ಹಾರ್ನ್ ಒತ್ತಿಯೇ ಒತ್ತಿದರು. ಲಾರಿಯವನು ಕೈ ಹೊರಗೆ ಚಾಚಿ ಕೆಂಪು ದೀಪ ತೋರಿಸಿದ. ಅವನದೇನು ತಪ್ಪು? ನನ್ನ ತೋಳಿಗೆ ಒರಗಿದ್ದ ಇವರ ತುಟಿ ನೀಲಿಗಟ್ಟುತ್ತಿತ್ತು. ಕೊನೆಗೆ ಖಾದರ್ ಸಾಬರು ವ್ಯಾನು ಬಿಟ್ಟು ಇಳಿದು ಓಡಿದರು. ಕಂಬದ ಪಕ್ಕ ಕಬ್ಬಿಣದ ಒಂದು ಪೆಟ್ಟಿಗೆ. ಅಲ್ಲಿದ್ದ ಪೊಲೀಸು ಬೀಗ ತೆಗೆದು ಒಳಗೆ ಏನೋ ತಿರುಗಿಸಿದ. ಹಸಿರು ಬಂತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು.

"ಚಿಕ್ಕಂದಿನಾಗ ಜ್ವರ ಬಂದು ಕೀಲು ಬಾತಿದ್ವೇನ್ರಿ?" ಎಂದು ಡಾಕ್ಟರು ಕೇಳಿದರು.

ಒಂಬತ್ತನೇ ವಯಸ್ಸಿನಲ್ಲಿ ಬಾತಿದ್ದವು ಎಂದು ಅತ್ತೆ ಹೇಳಿದರು. ಬೇವಿನೆಣ್ಣೆ ತಿಕ್ಕಿದ್ದರಂತೆ, ವಾಸಿಯಾಗಿತ್ತಂತೆ. ವಾಸಿಯಾಗಿರಲಿಲ್ಲ. ಆ ಜ್ವರ ತಟ್ಟಿದ್ದ ಹೃದಯದ ವಾಲ್ವ್ ಇಪ್ಪತ್ತೆಂಟು ವರ್ಷಗಳಿಂದ ಯಾರಿಗೂ ಸುಳಿವು ಕೊಡದೆ ಬಿಗಿಯುತ್ತಾ ಬಂದಿತ್ತು.

ಮರುದಿನ ಇವರು ಬಾಯಿಬಿಟ್ಟು ಕೇಳಿದ ಮೊದಲ ಮಾತು ತಮ್ಮ ಕಾಯಿಲೆಯದಲ್ಲ. "ಆ ಸಿಗ್ನಲ್ ಡಬ್ಬಿ ಒಳಗ ಏನೈತೆ?"

ಖಾದರ್ ಸಾಬರು ಸಿಗ್ನಲ್ಲಿನ ಪೊಲೀಸನನ್ನೇ ಕರೆದುಕೊಂಡು ಬಂದರು. ಹನುಮಂತಪ್ಪ ಎಂದು ಹೆಸರು. ಟೋಪಿ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ವಿವರಿಸಿದ. "ದೀಪ ತಾನಾಗೇ ಸುತ್ತತಿರ್ತಾವ್ರಿ. ಸ್ವಿಚ್ ಈ ಕಡೆ ತಿರುವಿದ್ರೆ ನಮ್ಮ ಕೈಗೆ ಬರ್ತಾವೆ. ಆದ್ರೆ ಗಾಡಿ ಬರೋದು ನನಗ ಕಾಣಬೇಕಲ್ರಿ!"

ಅಂದೇ ಒಪ್ಪಂದವಾಯಿತು. ದೂರದಿಂದಲೇ ಮೂರು ಉದ್ದ ಹಾರ್ನ್. ಕೇಳಿದ ಕೂಡಲೇ ಹನುಮಂತಪ್ಪ ಮೂರು ಕಡೆ ಕೆಂಪು ಮಾಡಿ ನಮ್ಮ ಕಡೆ ಹಸಿರು ಬಿಡುವುದು.

ಬೆಂಗಳೂರಿಗೂ ಹೋಗಿಬಂದೆವು. ಹೃದಯ ಹಿಗ್ಗಿದೆ, ಶ್ವಾಸಕೋಶವೂ ಸೋತಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಉಳಿದಿಲ್ಲ ಎಂದರು ಅಲ್ಲಿನ ಹಿರಿಯ ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಉಪ್ಪು ಬಿಡಿಸಿದರು. ಎಷ್ಟು ದಿನ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಇವರು ಕೇಳಿದರು. ಡಾಕ್ಟರು ಅವರ ಭುಜ ತಟ್ಟಿದರು, ಅಷ್ಟೇ.

ಮನೆಯಲ್ಲಿ ಕೂತವರಿಗೆ ಆ ದೀಪದ್ದೇ ಧ್ಯಾನ. ಎಕ್ಸ್‌ರೇ ಕವರಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ, "ನೋಡು, ಹನುಮಂತಪ್ಪ ಊಟಕ್ಕೆ ಹೋಗಿದ್ರೆ ಏನು ಗತಿ? ಗಾಡಿ ಬರೋದು ದೀಪಕ್ಕೇ ಗೊತ್ತಾಗಬೇಕು" ಎನ್ನುತ್ತಿದ್ದರು. ವ್ಯಾನಿನ ಮೇಲೆ ಬೇಗಬೇಗ ಮಿಣುಕುವ ದೀಪ. ಕಂಬದ ಮೇಲೆ ಬೆಳಕು ಹಿಡಿಯುವ ಸಣ್ಣದೊಂದು ಕಣ್ಣು. ಆ ಬೆಳಕು ಬಿದ್ದರೆ ಒಳಗಿನ ಸ್ವಿಚ್ ತಾನಾಗಿ ತಿರುಗಬೇಕು.

"ಎಲ್ಲಾ ಲಾರಿಯವರೂ ಲೈಟ್ ಹಾಕ್ಕಂಡು ಬಂದ್ರೆ?" ಎಂದೆ.

ನಕ್ಕರು. ನಗುವುದಕ್ಕೂ ಉಸಿರು ಹಿಡಿಯಬೇಕಿತ್ತು. "ಅದಕ್ಕೇ ಮಿಣುಕೋದ್ರಾಗ ಒಂದು ಲೆಕ್ಕ ಇರ್ತೈತೆ. ಆ ಲೆಕ್ಕ ಈ ವ್ಯಾನಿಗೆ ಮಾತ್ರ."

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕಾಲು ಬಾತು ಚಪ್ಪಲಿಯೊಳಗೆ ಹೋಗದಿದ್ದ ಮನುಷ್ಯ, ತನಗೆ ಇನ್ನೆಷ್ಟು ಸಲ ಬೇಕಾದೀತು ಎಂದು ಗೊತ್ತಿಲ್ಲದ ದಾರಿಗಾಗಿ ಅಷ್ಟು ಹೊತ್ತು ಯಾಕೆ ಕೂರುತ್ತಿದ್ದರೋ! ತಡೆಯಲಿಲ್ಲ. ಬರೆಯುವಷ್ಟು ಹೊತ್ತು ಅವರ ಮುಖದ ಮೇಲೆ ಹೆದರಿಕೆ ಇರುತ್ತಿರಲಿಲ್ಲ.

ಎರಡನೇ ಸಲ ಉಸಿರು ಕಟ್ಟಿದ್ದು ಒಂದು ಮಧ್ಯಾಹ್ನ. ಮೂರು ಹಾರ್ನ್ ಕೇಳಿ ಹನುಮಂತಪ್ಪ ಪೆಟ್ಟಿಗೆಯ ಕಡೆ ಓಡಿದ್ದು ನನಗೆ ಕಂಡಿತು. ವ್ಯಾನು ಬ್ರೇಕ್ ಕೂಡ ಹಾಕಲಿಲ್ಲ. ಅಷ್ಟು ಸಂಕಟದಲ್ಲೂ ಇವರು ತಲೆ ಎತ್ತಿ ದೀಪ ನೋಡಿದರು.

ಆ ಸಲ ಮನೆಗೆ ಮರಳಿದ ಮೇಲೆ, ಖಾದರ್ ಸಾಬರನ್ನು ಕರೆದುಕೊಂಡು ನಾನೇ ಆ ಕವರನ್ನು ಟ್ರಾಫಿಕ್ ಇನ್‌ಸ್ಪೆಕ್ಟರಿಗೆ ತೋರಿಸಲು ಹೋದೆ. ಅವರು ಕುರ್ಚಿ ಕೊಟ್ಟರು, ಕೊನೆಯವರೆಗೂ ಓದಿದರು. "ಭಾಳ ಚಲೋ ಯೋಚನೆ ಐತಮ್ಮ. ಆದ್ರೆ ಈ ದೀಪದ ಒಂದು ಬಲ್ಬ್ ಹೋದ್ರೆ ಬದಲು ಮಾಡ್ಸಕ್ಕೇ ನಾನು ಬೆಂಗ್ಳೂರಿಗೆ ಬರೀಬೇಕು."

ಮನೆಗೆ ಬಂದು ಹೇಳಿದಾಗ ಇವರು "ಹೌದಲ್ಲ" ಎಂದರು. ಆಮೇಲೆ ಪೆನ್ಸಿಲ್ ಹಿಡಿಯಲಿಲ್ಲ.

ಮೂರನೇ ಸಲ ಕರೆಂಟೇ ಇರಲಿಲ್ಲ. ಸಿಗ್ನಲ್ ಕಂಬ ಸತ್ತು ನಿಂತಿತ್ತು. ನಾಲ್ಕು ದಿಕ್ಕಿನ ಗಾಡಿಗಳು ಒಂದರೊಳಗೊಂದು ನುಗ್ಗಿ ಸಿಕ್ಕಿಕೊಂಡಿದ್ದವು. ಹನುಮಂತಪ್ಪ ಗಾಡಿಗಳ ನಡುವೆ ನುಗ್ಗಿ ಎತ್ತುಗಳ ಮೂಗುದಾರ ಹಿಡಿದು ಎಳೆದ, ಬಾನೆಟ್ಟುಗಳ ಮೇಲೆ ಗುದ್ದಿದ, ಗಂಟಲು ಹರಿಯುವಂತೆ ಕೂಗಿದ. ದಾರಿ ಬಿಟ್ಟಿತು. ನಾವು ಹೊತ್ತಿಗೆ ಸರಿಯಾಗಿಯೇ ಮುಟ್ಟಿದೆವು. ಡಾಕ್ಟರು ಬಾಗಿಲಲ್ಲೇ ಇದ್ದರು. ಆಕ್ಸಿಜನ್ ಇತ್ತು, ಇಂಜೆಕ್ಷನ್ ಇತ್ತು. ಎಲ್ಲವೂ ಇತ್ತು.

ಮರುದಿನ ಹತ್ತು ಗಂಟೆಗೆ ಇವರು ಹೋದರು.

"ಒಂದು ತಾಸು ಮೊದಲೇ ಬಂದಿದ್ರೂ ಇಷ್ಟೇ ತಾಯಿ" ಎಂದರು ಡಾಕ್ಟರು. ಆ ಮಾತಿನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ತಡವಾಗಿದ್ದರಿಂದ ಹೋದರು ಎಂದಿದ್ದರೆ ಯಾರನ್ನಾದರೂ ಬೈಯಬಹುದಿತ್ತು.

ತಿಂಗಳು ಕಳೆದ ಮೇಲೆ ಖಾದರ್ ಸಾಬರು ಬಂದು ಕಟ್ಟೆಯ ಮೇಲೆ ಕೂತರು. ಒಳಗೆ ಬರಲಿಲ್ಲ. "ವ್ಯಾನ್ ಓಡ್ಸೋದು ಬಿಟ್‌ಬಿಡ್ತೀನಿ ಅಕ್ಕಾರೆ. ಅವತ್ತು ಗಾಡಿ ಇನ್ನೊಂದೀಟು ಜೋರು ಹೊಡೀಬೇಕಿತ್ತು."

ಡಾಕ್ಟರು ಹೇಳಿದ ಮಾತನ್ನು ನಾನು ಮೊದಲ ಸಲ ನನ್ನ ಬಾಯಿಂದ ಹೇಳಿದೆ. "ಒಂದು ತಾಸು ಮೊದಲು ಹೋಗಿದ್ರೂ ಇಷ್ಟೇ ಆಗ್ತಿತ್ತಂತೆ ಅಣ್ಣ. ವ್ಯಾನ್ ಬಿಡಬ್ಯಾಡ್ರಿ." ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಚಹಾ ಇಡಲು ಒಳಗೆ ಹೋದೆ.

ಆ ವಾರವೇ ಒಂದು ಬೆಳಿಗ್ಗೆ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಾಗ ಬೀದಿಯ ತುದಿಯಲ್ಲಿ ವ್ಯಾನು ಬರುವುದು ಕಂಡಿತು. ಖಾದರ್ ಸಾಬರೇ ಓಡಿಸುತ್ತಿದ್ದರು. ಒಳಗೆ ಯಾರದೋ ಮನೆಯ ಹೆಣ್ಣುಮಗಳು ಯಾರನ್ನೋ ತೋಳಿನಲ್ಲಿ ಹಿಡಿದು ಕೂತಿದ್ದಳು. ನಾನು ಪೊರಕೆ ಎತ್ತಿಕೊಂಡು, ಗೋಡೆಗೆ ಬೆನ್ನು ಹಚ್ಚಿ, ದಾರಿ ಬಿಟ್ಟು ನಿಂತೆ.