ನೆಲಗುಬ್ಬಿಯ ಕಾಲಿನ ಚೀಟಿ

ಹಕ್ಕಿಯ ತೊಗಲು ಬಿಡಿಸುವುದನ್ನು ನನಗೆ ಕಲಿಸಿದವರು ಮೈಸೂರು ಕಡೆಯ ಹಿರಿಯರೊಬ್ಬರು. ಕಡಲ ತೀರದ ಪಟ್ಟಣದ ಸಂಗ್ರಹಾಲಯವೊಂದರಲ್ಲಿ ಹಕ್ಕಿಗಳ ವಿಭಾಗ ಅವರ ವಶದಲ್ಲಿತ್ತು. ಕಾಲೇಜು ಮುಗಿಸಿ ಅವರ ಕೈಕೆಳಗೆ ಮೂರು ವರ್ಷ ತರಬೇತಿಗಿದ್ದೆ. ಎದೆಯ ಮೇಲೆ ಲಿಂಗ ಕಟ್ಟಿದ, ಮೊಟ್ಟೆಯನ್ನೂ ಮುಟ್ಟದ ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಹುಡುಗ ನಾನು. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಕೈ ಪಳಗಿತು. ಹೊಟ್ಟೆ ಸೀಳಿ ತೊಗಲು ಬಿಡಿಸಿ, ಹುಳು ಹತ್ತದಂತೆ ಒಳಗೆಲ್ಲ ಪಾಷಾಣವೆಂಬ ವಿಷ ಬೆರೆಸಿದ ಸಾಬೂನು ಸವರಿ, ಹತ್ತಿ ತುಂಬಿ ಹೊಲಿಯುವುದು. ಕೊನೆಗೆ ಕಾಲಿಗೊಂದು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಗಂಡೋ ಹೆಣ್ಣೋ.

“ಚೀಟಿ ಕಟ್ಟದೆ ಮೇಜು ಬಿಟ್ಟು ಏಳಬೇಡಿ,” ಎನ್ನುತ್ತಿದ್ದರು ಗುರುಗಳು. “ಅದು ಹೋದರೆ ಉಳಿಯುವುದು ಹತ್ತಿ ತುಂಬಿದ ತೊಗಲು, ಅಷ್ಟೇ.”

ಅವರು ನನಗೊಪ್ಪಿಸಿದ ಕೆಲಸ ನಮ್ಮ ಸೀಮೆಯದೇ. ಕೌತಾಳಂ ಕಡೆ ಕಪ್ಪು ಎರೆ ನೆಲ. ಕೋಸಗಿ ಗುಡ್ಡಗಳ ಬುಡದಲ್ಲಿ ಕೆಂಪು ಮಸಾರಿ. ಎರಡೂ ಕಡೆ ಒಂದೇ ಜಾತಿಯ ನೆಲಗುಬ್ಬಿ. ನೆಲದ ಬಣ್ಣಕ್ಕೆ ತಕ್ಕಂತೆ ಅದರ ಬೆನ್ನಿನ ಬಣ್ಣವೂ ಬದಲಾಗುತ್ತದೆಯೇ ಎಂಬುದನ್ನು ನಾನು ಕಂಡುಹಿಡಿಯಬೇಕಿತ್ತು. ಎರಡು ಚಳಿಗಾಲ ಬಂದೂಕು ಹೊತ್ತು ತಿರುಗಿ ನೂರಕ್ಕೂ ಮಿಕ್ಕಿ ಗುಬ್ಬಿ ಕೂಡಿಸಿದೆ. “ಒಂದು ತುತ್ತಿಗೂ ಆಗಂಗಿಲ್ಲ, ಇದನ್ಯಾಕ ಹೊಡೀತೀರಿ?” ಎಂದು ಕುರಿ ಕಾಯುವವರು ಕೇಳುತ್ತಿದ್ದರು. ನನಗೆ ನಗು ಬರುತ್ತಿತ್ತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಹತ್ತಿರ ಬಂತು. ಸಮುದ್ರದ ಕಡೆಯಿಂದ ಬಾಂಬು ಬೀಳುತ್ತದೆಂದು ಪಟ್ಟಣದ ಜನ ಗಂಟುಮೂಟೆ ಕಟ್ಟಿದರು. ಸಂಗ್ರಹಾಲಯವೂ ತನ್ನ ವಸ್ತುಗಳನ್ನು ಒಳನಾಡಿಗೆ ಸಾಗಿಸತೊಡಗಿತು. ನನ್ನ ಗುಬ್ಬಿಗಳನ್ನು ನಾನೇ ಊರಿಗೆ ಒಯ್ಯುತ್ತೇನೆಂದು ಹಟ ಹಿಡಿದೆ. ಗುರುಗಳು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆದೋನಿ ಸ್ಟೇಷನ್ನಿನಿಂದ ಎರಡು ಮರದ ಪೆಟ್ಟಿಗೆ ಮನೆಗೆ ಬಂದವು. “ಮೆಲ್ಲಗಾ ದಿಂಚಂಡ್ರಾ,” ಎಂದು ಅಪ್ಪ ಹಮಾಲರಿಗೆ ತೆಲುಗಿನಲ್ಲಿ ಹೇಳಿ ಇಳಿಸಿಕೊಂಡು, ನನ್ನ ಕಡೆ ತಿರುಗಿದರು.

“ಇದರಾಗ ಏನೈತಪಾ?”

“ಒಣಗಿದ ಗುಬ್ಬಿ.”

ಪಾಷಾಣದ ಮಾತು ಎತ್ತಲಿಲ್ಲ. ಎತ್ತಿದ್ದರೆ ಪೆಟ್ಟಿಗೆಗಳು ಹೊಸ್ತಿಲು ದಾಟುತ್ತಿರಲಿಲ್ಲ. ಹಿತ್ತಲ ಕೋಣೆಯಲ್ಲಿಟ್ಟು, ಯಾರೂ ಮುಟ್ಟಬಾರದೆಂದಷ್ಟೇ ಹೇಳಿದೆ.

ಮಳೆಗಾಲದಲ್ಲಿ ನನಗೆ ವಿಷಮಶೀತ ಜ್ವರ ಬಂತು. ಮೂರು ವಾರ ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅತ್ತೆ ಕೂತಿದ್ದಳು. ಅಪ್ಪನ ಅಕ್ಕ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಪೂಜೆ ಆಗದೆ ನೀರೂ ಕುಡಿಯದವಳು. ಅವಳ ಎರಡೂ ಅಂಗೈಗಳಿಗೆ ಬಟ್ಟೆ ಸುತ್ತಿತ್ತು.

“ನಿನ್ನ ಗುಬ್ಬಿ ಉಳಿಸೀನಿ ಯಪ್ಪಾ,” ಎಂದಳು. “ಜ್ವರದಾಗ ಪೆಟ್ಟಿಗಿ ಪೆಟ್ಟಿಗಿ ಅಂತ ಕನವರಿಸಿದ್ದಿ. ಹೋಗಿ ನೋಡಿದರ ಮಾಳಿಗಿ ಸೋರಿ ಎಲ್ಲಾ ನೆಂದಿದ್ವು. ಆಳುಗಳು ಮುಟ್ಟಾಕ ಒಲ್ಲೆ ಅಂದರು. ನಾನ ಮೂರು ದಿನ ಬಿಸಲಾಗ ಹರವಿ ಒಣಗಿಸಿದೆ.”

ನನ್ನ ಕಣ್ಣಲ್ಲಿ ನೀರು ಬಂತು.

“ಕಾಲಾಗಿನ ಚೀಟಿ ತೊಯ್ದು ಮಸಿ ಹರಿಯಾಕ ಹತ್ತಿತ್ತು. ಅದಕ್ಕ ಎಲ್ಲಾ ಬಿಚ್ಚಿ ಬ್ಯಾರೆ ಒಣಗಿಸೀನಿ. ಒಂದೂ ಹೋಗಿಲ್ಲ ನೋಡು.” ಅವಳು ವಿಭೂತಿಯ ಮರಿಗೆಯ ಪಕ್ಕದಿಂದ ಒಂದು ಡಬ್ಬಿ ತಂದು ನನ್ನ ಹಾಸಿಗೆಯ ಮೇಲಿಟ್ಟಳು. ಅದರೊಳಗೆ ಚೀಟಿಗಳು ಒಂದರ ಮೇಲೊಂದು ಓರಣವಾಗಿ, ದಾರ ಕಟ್ಟಿಸಿಕೊಂಡು ಕೂತಿದ್ದವು.

ಯಾವ ಚೀಟಿ ಯಾವ ಗುಬ್ಬಿಯದೆಂದು ಇನ್ನು ಹೇಳುವಂತಿರಲಿಲ್ಲ. ಡಬ್ಬಿ ಮುಚ್ಚಿ, ಅವಳ ಕೈಗೇನಾಯಿತೆಂದು ಕೇಳಿದೆ.

“ಏನೋ ಉರಿ ಎದ್ದು ತೊಗಲು ಸುಲದೈತಿ. ಹೋಗತೈತಿ ಬಿಡು.”

ಅದೇನೆಂದು ನನಗೊಬ್ಬನಿಗೇ ಗೊತ್ತಿತ್ತು. ಅವಳ ಕಾಲು ಹಿಡಿದುಕೊಂಡು ಪಾಷಾಣದ ವಿಷಯ ಹೇಳಿದೆ. ಕೇಳಿಸಿಕೊಂಡು, “ಮೊದಲ ಹೇಳಿದ್ದರ ಕೈಗೆ ಬಟ್ಟಿ ಸುತ್ತಿಗೊಂಡು ಮಾಡತಿದ್ದೆ,” ಎಂದಳು.

ಅಪ್ಪ ಹಿತ್ತಲ ಕೋಣೆಗೆ ಬಂದು ನೋಡಿದರು. “ಇದಕ್ಕ ಯಾಕ ಇಷ್ಟು ಮರಗತಿ? ಕರ್ರಗ ಇರೋವು ಕೌತಾಳಂದವು, ಕೆಂಪನವು ಕೋಸಗಿವು. ಹಂಗ ಚೀಟಿ ಕಟ್ಟಿದರಾತು.”

“ಅದು ಹಂಗ ಐತೋ ಇಲ್ಲೋ ಅಂತ ನೋಡಾಕನ ಇವನ್ನ ಕೂಡಿಸಿದ್ದು, ಅಪ್ಪಾ.”

ಅಪ್ಪ ಅರ್ಥವಾದವರಂತೆ ನಿಧಾನವಾಗಿ ತಲೆಯಾಡಿಸಿ ಹೊರಗೆ ಹೋದರು.

ಕಾಗದ ಬರೆದೆ. ಗುರುಗಳು ರೈಲು ಹತ್ತಿ ಬಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಗುಬ್ಬಿ ಸಿಕ್ಕ ಜಾಗ, ಅದರ ರೆಕ್ಕೆಯ ಅಳತೆ ಇದ್ದವು. ಮೂರು ದಿನ ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ರೆಕ್ಕೆ ಅಳೆದೆವು. ಒಂದೇ ಅಳತೆಗೆ ಹತ್ತು ಗುಬ್ಬಿ, ಹನ್ನೆರಡು ಗುಬ್ಬಿ ಹೊಂದುತ್ತಿದ್ದವು. ಕೊನೆಗೆ ನಿಸ್ಸಂದೇಹವಾಗಿ ಇಂಥ ಚೀಟಿಯದೆಂದು ಹೇಳಬಹುದಾದವು ಹನ್ನೊಂದು. ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಇನ್ನು ಸಾಕು,” ಎಂದರು.

ಹೊರಡುವ ಮುನ್ನ ಅತ್ತೆಯನ್ನು ಕಂಡು ಕೈಮುಗಿದು, “ತಾಯಿ, ನೀವಿಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ,” ಎಂದರು. ಅವಳ ಅಂಗೈಗಳನ್ನು ನೋಡಿದರು. ನಾನು ಸ್ಟೇಷನ್ನಿನ ತನಕ ಜೊತೆಗೆ ಹೋದೆ. ಗಾಡಿ ಬರುವ ಹೊತ್ತಿಗೆ, “ಮಳೆ ಯಾರ ಕೈಯಲ್ಲೂ ಇಲ್ಲ, ಜ್ವರವೂ ಇಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ,” ಎಂದರು. “ಆದರೆ ಮನೆಯವರಿಗೆ ಹೇಳದೆ ವಿಷ ತಂದಿಟ್ಟಿರಿ. ಅಂಥವರ ಕೈಗೆ ಇನ್ನು ನಾನು ಏನನ್ನೂ ಕೊಡಲಾರೆ.”

ಹನ್ನೊಂದು ಗುಬ್ಬಿಗಳನ್ನು ಅವರು ಒಯ್ದರು. ಉಳಿದವನ್ನು ಸುಟ್ಟರೆ ಹೊಗೆಯೂ ವಿಷವೆಂದು, ಅತ್ತೆಗೆ ಹೇಳದೆ ಹೊಲದ ಬದುವಿನಲ್ಲಿ ಆಳುದ್ದ ಗುಂಡಿ ತೋಡಿ ಹೂಳಿದೆ. ಸಂಗ್ರಹಾಲಯದ ಕೆಲಸಕ್ಕೆ ಮತ್ತೆ ಕರೆ ಬರಲಿಲ್ಲ, ನಾನೂ ಕೇಳಲಿಲ್ಲ. ಊರಲ್ಲೇ ಶಾಲೆಯ ಮೇಷ್ಟ್ರಾದೆ. ಬಂದೂಕು ಮುಟ್ಟಲಿಲ್ಲ, ಕೌತಾಳಂ ದಾರಿ ಹಿಡಿಯಲಿಲ್ಲ.

ಅತ್ತೆಯ ಕೈ ಮಾಯಲು ತಿಂಗಳುಗಳೇ ಬೇಕಾದವು. ಮಾಯ್ದ ಮೇಲೂ ಬೆರಳು ಮಡಚಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುವುದು ನಿಂತೇಹೋಯಿತು. ಬಂದ ನೆಂಟರಿಗೆಲ್ಲ ಪಟ್ಟಣದ ದೊಡ್ಡ ಮನುಷ್ಯರು ತನಗೆ ಕೈಮುಗಿದದ್ದನ್ನು ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಒಮ್ಮೆ ಊಟಕ್ಕೆ ಕೂತಾಗ, “ನಿನ್ನ ಗುಬ್ಬಿ ಎಲ್ಲಾ ಆ ಊರಾಗ ಅದಾವಲ್ಲ? ಜನ ನೋಡತಾರಲ್ಲ?” ಎಂದು ಕೇಳಿದಳು.

“ನೋಡತಾರ ಅತ್ತಿ,” ಎಂದೆ. ಅವಳ ತಟ್ಟೆಯ ರೊಟ್ಟಿ ಮುರಿದು ಕೊಟ್ಟೆ.