ಖಾಲಿ ಬಿಡುವ ಬಸೀಮಾ ಮೇಡಂ
ಅಲೆಕ್ಸಾಂಡ್ರಿಯಾದ ನಮ್ಮ ಹೆರಿಗೆ ಆಸ್ಪತ್ರೆಗೆ ಪ್ರೋಗ್ರಾಮ್ ಬರೆಯುವ ಬಸೀಮಾ ಮೇಡಂ, ನವಜಾತ ಮಗುವಿನ ‘ಕ್ಲಾಸ್’ ಎಂಬ ಮಾಹಿತಿಯ ಅಚ್ಚಿನಲ್ಲಿ ‘ಹೆಸರು: ಅಕ್ಷರ, ತೂಕ: ಸಂಖ್ಯೆ, ರಕ್ತದ ಗುಂಪು: ಅಕ್ಷರ’ ಎಂದು ಬಗೆಯನ್ನಷ್ಟೇ ಸಾರಿ, ಬೆಲೆಯ, ಅಂದರೆ ನಿಜವಾದ ಮಾಹಿತಿಯ, ಜಾಗವನ್ನು ಖಾಲಿ ಬಿಡುತ್ತಾರೆ. “ಏಳನೇ ದಿನ ಹೆಸರಿಡೋ ಮಗುಗೆ ಇವತ್ತೇ ಹೆಸರು ತುಂಬೋಕೆ ನೀನ್ಯಾರೇ?” ಎಂದು ಫಲಾಫಲ್ ವಡೆ ಮೆಲ್ಲುತ್ತಲೇ, ಅವರ ಕೈಕೆಳಗೆ ಪ್ರೋಗ್ರಾಮ್ ಬರೆಯುವ ನನ್ನನ್ನು ಗದರುತ್ತಾರೆ. ಅವರ ಮನೆಯ ಫ್ರಿಜ್ಜಿನ ಮೇಲೂ ‘ಊಟ: ಮೀನು’ ಎಂಬ ಚೀಟಿಯಿದೆ, ಯಾವ ಮೀನೆಂಬುದು ಸಂತೆಯಲ್ಲಿ ಕಣ್ಣಾರೆ ಕಂಡ ಮೇಲೆ. ಎಳೆಗೂಸನ್ನು ಅತ್ತೆಯ ಬಳಿ ಬಿಟ್ಟು ಬರುವ ನನಗೋ, ಖಾಲಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಸದ್ಯಕ್ಕಿರಲಿ ಎಂದು ರಕ್ತದ ಗುಂಪಿಗೆ ‘ಓ ಪಾಸಿಟಿವ್’ ತುಂಬಿದ್ದೆ. ಅವರು ಅಳಿಸಿದರು. “ಬೆಲೆ ಇಲ್ಲದೆ ಪ್ರೋಗ್ರಾಮ್ ನಿಂತುಹೋದರೆ ಮೇಡಂ?” “ನಿಲ್ಲಲಿ ಬಿಡೇ, ಸುಳ್ಳಂತೂ ಹೇಳಲ್ಲ!” ಮಂಗಳವಾರ ನಿಂತೇಬಿಟ್ಟಿತು: ರಕ್ತ ಕೊಡಬೇಕಿದ್ದ ಮಗುವಿನ ಕೈಪಟ್ಟಿಯನ್ನು ನರ್ಸ್ ಪರೀಕ್ಷೆಯ ವರದಿಗೂ ಮೊದಲೇ ಅಚ್ಚುಹಾಕಲು ಹೋಗಿದ್ದಳು. ಆಮೇಲೆ ಬಂದ ವರದಿಯಲ್ಲಿ ಬಿ ನೆಗೆಟಿವ್ ಎಂದಿತ್ತು; ನಾನು ತುಂಬಿದ್ದು ಉಳಿದಿದ್ದರೆ ಕೈಪಟ್ಟಿಯಲ್ಲಿ ‘ಓ ಪಾಸಿಟಿವ್’ ಎಂದೇ ಅಚ್ಚಾಗುತ್ತಿತ್ತು. ಸರಿಯಾದ ರಕ್ತ ಸಿಕ್ಕಿ ಮಗು ಗೆದ್ದಿತು, ಕೋಣೆಯ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದರು, ನಾನು ಬಿಕ್ಕಿದೆ. ಮೇಡಂ ನನ್ನ ಕಣ್ಣೊರೆಸಿ ಮೆಲ್ಲಗೆ ಅಂದರು: “ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಮಗುಗೆ ಹಿಂಗೇ ತುಂಬಿದ್ದೆ ಕಣೇ. ಆ ಮಗುನ ಅಲ್ಲಾಹು ಒಬ್ಬನೇ ಉಳಿಸಿದ. ಈ ಸಲ ಉಳಿಸೋ ಕೆಲಸಕ್ಕೆ ನಮ್ಮನ್ನೂ ಸೇರಿಸ್ಕೊಂಡ.”